ಕೆಟ್ಟುದನ್ನು ಗುರುತಿಸುವ ಹೊಣೆ

ಕೆಟ್ಟುದನ್ನು ತೆಗೆದುಹಾಕಬೇಕೆಂಬುದರಲ್ಲಿ ಲೋಕಕ್ಕೆ ಭಿನ್ನಾಭಿಪ್ರಾಯವಿಲ್ಲ. ಕೊಳೆತ ಹಣ್ಣನ್ನು ಬುಟ್ಟಿಯಿಂದ ಆರಿಸಿ ಎಸೆಯುತ್ತಾರೆ. ಹುಳು ಹಿಡಿದ ಕಾಳನ್ನು ಮೊರದಲ್ಲಿ ಕೇರಿ ಬೇರ್ಪಡಿಸುತ್ತಾರೆ. ಅಲ್ಲೆಲ್ಲ ಕೆಟ್ಟುದು ತಾನಾಗಿ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಿಳಿಯುತ್ತದೆ. ಆದ್ದರಿಂದ ಗುರುತಿಸುವುದೂ ತೆಗೆಯುವುದೂ ಒಂದೇ ಕೆಲಸವೆಂಬಂತೆ ತೋರುತ್ತದೆ. ಆದರೆ ಒಂದೇ ಅಳತೆಯ, ಒಂದೇ ಬಣ್ಣದ ನಾಲ್ಕು ವಸ್ತುಗಳು ಸಾಲಾಗಿದ್ದು, ಅವುಗಳಲ್ಲಿ ಒಂದು ಕೆಟ್ಟಿದೆ ಎಂಬ ಸುದ್ದಿ ಮಾತ್ರ ಬಂದು, ಅದು ಯಾವುದೆಂಬುದು ನೋಟಕ್ಕೆ ತಿಳಿಯದಿದ್ದಾಗ ಇವೆರಡೂ ಬೇರೆ ಬೇರೆ ಕೆಲಸಗಳೆಂಬುದು ಸ್ಪಷ್ಟವಾಗುತ್ತದೆ. ತೆಗೆಯುವುದಕ್ಕೆ ಒಂದು ಕ್ಷಣ ಸಾಕು. ಗುರುತಿಸುವುದಕ್ಕೆ ಸಹನೆ ಬೇಕು, ವಿವೇಕ ಬೇಕು, ತನ್ನ ಊಹೆಯನ್ನು ತಾನೇ ಸಂಶಯಿಸುವ ಪ್ರಾಮಾಣಿಕತೆ ಬೇಕು. ಇಂದಿನ ವ್ಯವಹಾರ ಜಗತ್ತಿನಲ್ಲಿ ಇದಕ್ಕೆ ದೊರೆಯುವ ಒಂದು ಉತ್ತಮ ನಿದರ್ಶನವೆಂದರೆ ಸರ್ವರ್ ಎಂದು ಕರೆಯಲಾಗುವ ಗಣಕಯಂತ್ರದೊಳಗೆ ಕೆಟ್ಟುಹೋದ ಹಾರ್ಡ್ ಡಿಸ್ಕನ್ನು ಪತ್ತೆಹಚ್ಚುವ ಕೆಲಸ.

ಒಂದು ಕಾಲಕ್ಕೆ ಕೆಂಪು ಬಟ್ಟೆಯ ರಟ್ಟು ಹಾಕಿದ ಕಿರ್ದಿ, ಖತಾವಣಿಗಳಲ್ಲಿ ಇರುತ್ತಿದ್ದ ಲೆಕ್ಕವೆಲ್ಲ ಈಗ ಈ ಡಿಸ್ಕುಗಳಲ್ಲಿದೆ. ಕಾಂತೀಯ ಲೇಪನವುಳ್ಳ ತಟ್ಟೆಗಳು ವೇಗವಾಗಿ ತಿರುಗುತ್ತಿರುವಾಗ, ಅವುಗಳ ಮೇಲ್ಮೈಗೆ ತಾಗದಂತೆ ಚಲಿಸುವ ಒಂದು ಸೂಕ್ಷ್ಮವಾದ ಮೊನೆ ಅಕ್ಷರಗಳನ್ನು ಬರೆಯುತ್ತದೆ, ಓದುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕು 50 ತಟ್ಟೆಗಳನ್ನು ಹೊಂದಿದ್ದು, ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಸುತ್ತಿತ್ತು. ಇಂದಿನ ಡಿಸ್ಕು ಅಂಗೈಯಗಲದ್ದಾದರೂ ಅದಕ್ಕಿಂತ ಲಕ್ಷಾಂತರ ಪಾಲು ಹೆಚ್ಚು ಹಿಡಿಸುತ್ತದೆ. ಆದರೆ ತಿರುಗುವ ಯಂತ್ರವೆಲ್ಲ ಒಂದಲ್ಲ ಒಂದು ದಿನ ನಿಲ್ಲಲೇಬೇಕು. ಇದಕ್ಕೆ ಹಾರ್ಡ್ ಡಿಸ್ಕು ಹೊರತಲ್ಲ.

ನಿಲ್ಲುವುದು ನಿಶ್ಚಿತವೆಂದು ಒಪ್ಪಿಕೊಂಡೇ ಒಂದು ಉಪಾಯವನ್ನು ಕಂಡುಕೊಳ್ಳಲಾಯಿತು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧವನ್ನು ಮಂಡಿಸಿ, ಬೆಲೆಬಾಳುವ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಂದುಗೂಡಿಸಿ ಬಳಸುವ ಕ್ರಮಕ್ಕೆ 'ರೇಡ್' ಎಂದು ಹೆಸರಿಟ್ಟರು. ಇದರ ಮರ್ಮ ವರ್ತಕರಿಗೆ ಸುಲಭವಾಗಿ ತಿಳಿಯುವಂಥದು. ಮೂರು ಖಾತೆಗಳ ಬಾಕಿ ಕ್ರಮವಾಗಿ 400, 250, 350 ರೂಪಾಯಿಯೆಂದೂ ಅವುಗಳ ಮೊತ್ತ 1,000 ರೂಪಾಯಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದೆಯೆಂದೂ ಭಾವಿಸಬಹುದು. ನಡುವಣ ಅಂಕಿ ಅಳಿಸಿಹೋದರೆ, ಮೊತ್ತದಿಂದ ಉಳಿದೆರಡನ್ನು ಕಳೆದು ಅದು 250 ಎಂದು ಯಾವ ಗುಮಾಸ್ತನಾದರೂ ಹೇಳಬಲ್ಲ. ಮೊತ್ತದ ಹಾಳೆಯೇ ಹರಿದುಹೋದರೆ ಮೂರನ್ನೂ ಕೂಡಿ ಮತ್ತೆ ಬರೆಯಬಲ್ಲ. ನಾಲ್ಕು ಅಂಕಿಗಳಲ್ಲಿ ಯಾವುದೇ ಒಂದು ನಷ್ಟವಾದರೂ ಲೆಕ್ಕ ಉಳಿಯುತ್ತದೆ. ಆದರೆ ಎರಡು ಅಂಕಿಗಳು ಏಕಕಾಲಕ್ಕೆ ಅಳಿಸಿದರೆ ಎಂಥ ಲೆಕ್ಕಿಗನೂ ಕೈಕಟ್ಟಿ ಕೂರಬೇಕಾಗುತ್ತದೆ. ಯಂತ್ರವು ಕೂಡುವ ಬದಲು ಒಂದು ಮತ್ತು ಸೊನ್ನೆಗಳನ್ನು ಬೇರೊಂದು ರೀತಿಯಲ್ಲಿ ತಾಳೆಹಾಕುತ್ತದೆ. ತಾಳೆಯ ಅಂಕಿಯನ್ನು ಒಂದೇ ಡಿಸ್ಕಿನಲ್ಲಿಡದೆ ನಾಲ್ಕರಲ್ಲೂ ಸರದಿಯಂತೆ ಹಂಚುತ್ತದೆ. ತತ್ತ್ವ ಮಾತ್ರ ಇದೇ. ಇದಕ್ಕೆ ಐದನೆಯ ಬಗೆಯ ರೇಡ್ ಎಂದು ಹೆಸರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಾಲ್ಕೂ ಡಿಸ್ಕುಗಳು ಸ್ವಸ್ಥವಾಗಿರುವಾಗ ಅವುಗಳಲ್ಲಿ ಪ್ರತಿಯೊಂದೂ ಕೆಡಬಹುದಾದದ್ದು. ಕೆಟ್ಟರೂ ವ್ಯವಹಾರ ನಡೆಯುತ್ತದೆ. ಒಂದು ಕೆಟ್ಟೊಡನೆ ಉಳಿದ ಮೂರರಲ್ಲಿ ಒಂದೊಂದೂ ಅನಿವಾರ್ಯವಾಗುತ್ತದೆ. ನಿನ್ನೆಯವರೆಗೆ ನಾಲ್ವರಲ್ಲಿ ಒಬ್ಬನಾಗಿದ್ದವನ ಮೇಲೆ ಇಂದು ಮನೆಯ ಭಾರವೆಲ್ಲ ಬಿದ್ದಂತೆ. ಕೆಟ್ಟ ಡಿಸ್ಕನ್ನು ತೆಗೆಯಲು ಹೋದ ಕೈ ಅರಿಯದೆ ಸ್ವಸ್ಥವಾದ ಡಿಸ್ಕನ್ನು ಎಳೆದುಬಿಟ್ಟರೆ, ಲೆಕ್ಕದಲ್ಲಿ ಎರಡನೆಯ ಅಂಕಿ ಅಳಿಸಿದಂತಾಗುತ್ತದೆ. ಇಡೀ ಸಂಗ್ರಹ ಅಲ್ಲಿಗೇ ನಿಲ್ಲುತ್ತದೆ. ಎಳೆದುದನ್ನು ಮರಳಿ ಕೂರಿಸಿ ಬಲವಂತದಿಂದ ಜೋಡಿಸಿ ಉಳಿಸಿಕೊಂಡ ಸಂದರ್ಭಗಳುಂಟು. ಗಾಬರಿಯಲ್ಲಿ ಹೊಸದಾಗಿ ಜೋಡಣೆಯನ್ನು ಕಟ್ಟಲು ಹೋಗಿ ಇದ್ದುದನ್ನೂ ಅಳಿಸಿಕೊಂಡವರೂ ಉಂಟು. ಕೆಟ್ಟ ಡಿಸ್ಕು ಮಾಡದ ಹಾನಿಯನ್ನು ಅದನ್ನು ತೆಗೆಯಲು ಬಂದ ಅವಸರ ಮಾಡುತ್ತದೆ.

ಉತ್ತರ ಕರ್ನಾಟಕದ ಒಂದು ಮಾರುಕಟ್ಟೆಯ ಊರಿನಲ್ಲಿ, ಧಾನ್ಯದ ಸಗಟು ವ್ಯಾಪಾರದ ಅಂಗಡಿಯೊಂದರಲ್ಲಿ ನಡೆದ ಪ್ರಸಂಗ ಇದನ್ನು ತಿಳಿಯಲು ನೆರವಾಗುತ್ತದೆ. ಮಾರ್ಚ್ ತಿಂಗಳ ಕೊನೆಯ ವಾರ. ವರ್ಷದ ಲೆಕ್ಕ ಮುಗಿಸುವ ದಿನಗಳು. ರೈತರಿಗೆ ಕೊಡಬೇಕಾದ ಬಾಕಿ, ಗಿರಾಕಿಗಳಿಂದ ಬರಬೇಕಾದ ಉದ್ರಿ, ತೆರಿಗೆಯ ವಿವರ ಎಲ್ಲವೂ ಲಿನಕ್ಸ್ ವ್ಯವಸ್ಥೆಯ ಒಂದು ಸರ್ವರ್‌ನಲ್ಲಿದ್ದವು. ನಾಲ್ಕು ಡಿಸ್ಕುಗಳಲ್ಲಿ ಒಂದು ಜೋಡಣೆಯಿಂದ ಕಳಚಿದೆ ಎಂದು ಯಂತ್ರ ತಾನಾಗಿ ಸಂದೇಶ ಕಳಿಸಿತು. ಹೊಸ ಡಿಸ್ಕನ್ನು ಹಿಡಿದು ಬಂದ ತಂತ್ರಜ್ಞ ಯುವಕ ಪರದೆಯನ್ನು ನೋಡಿದ. ಸ್ವಸ್ಥವಾದ ಒಂದೊಂದು ಡಿಸ್ಕಿಗೆ 'ಯು' ಎಂಬ ಒಂದೊಂದು ಅಕ್ಷರ, ಕಳಚಿದ್ದಕ್ಕೆ ಒಂದು ಅಡಿಗೆರೆ. ಮೂರನೆಯ ಸ್ಥಾನದಲ್ಲಿ ಅಡಿಗೆರೆಯಿತ್ತು. ಕೆಟ್ಟ ಡಿಸ್ಕಿನ ಹೆಸರು 'ಎಸ್‌ಡಿಸಿ' ಎಂದಿತ್ತು. ಎ, ಬಿ, ಸಿ, ಹಾಗಾದರೆ ಮೂರನೆಯದು. ಅವನು ಪೆಟ್ಟಿಗೆಯ ಮೇಲಿನಿಂದ ಮೂರನೆಯ ಖಾನೆಯ ಚಿಲಕಕ್ಕೆ ಕೈಹಚ್ಚಿದ.

ನಲವತ್ತು ವರ್ಷ ಅದೇ ಅಂಗಡಿಯಲ್ಲಿ ಕಿರ್ದಿ ಬರೆದ ಹಿರಿಯ ಗುಮಾಸ್ತರು ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಯಂತ್ರದ ವಿದ್ಯೆ ತಿಳಿಯದು. ಅವರು ಕೇಳಿದ್ದು ಇಷ್ಟೇ: "ತಮ್ಮಾ, ಆ ಹೆಸರು ಈ ಪೆಟ್ಟಿಗೆಯ ಮೇಲೆ ಎಲ್ಲಿ ಬರೆದದೆ?"

ಯುವಕ ಕೈ ಹಿಂದೆಗೆದ. ಹೆಸರು ಎಲ್ಲಿಯೂ ಬರೆದಿರಲಿಲ್ಲ. "ಬರೆದಿಲ್ಲರಿ ಕಾಕಾ, ಅದು ಪರದೆಯ ಮೇಲಿನ ಹೆಸರಷ್ಟೆ" ಎಂದ. "ಹಂಗಾರೆ ಮೊದಲು ಅದರ ಸ್ವಂತದ ಗುರುತು ಹುಡುಕು; ಲೆಕ್ಕದ ನಕಲು ಒಂದು ಬೇರೆ ಕಡೆ ಇಟ್ಟುಕೊ; ಆಮೇಲೆ ಕೈಹಚ್ಚು" ಎಂದರು ಹಿರಿಯರು. ಮೊದಲು ಖಾತೆಗಳ ನಕಲನ್ನು ಹೊರಗಿನ ಬೇರೊಂದು ಡಿಸ್ಕಿಗೆ ತೆಗೆಯಲಾಯಿತು. ಅನಂತರ ನಾಲ್ಕೂ ಡಿಸ್ಕುಗಳ ಕ್ರಮಸಂಖ್ಯೆಗಳನ್ನು ಯಂತ್ರದಿಂದಲೇ ಕೇಳಿ ಕಾಗದದಲ್ಲಿ ಬರೆದುಕೊಂಡು, ಯಜಮಾನರ ಒಪ್ಪಿಗೆ ಪಡೆದು ಯಂತ್ರವನ್ನು ನಿಲ್ಲಿಸಿದರು. ಒಂದು ಗಂಟೆಯ ವ್ಯಾಪಾರ ನಿಂತಿತು. ಖಾನೆಗಳನ್ನು ಒಂದೊಂದಾಗಿ ಹೊರಗೆಳೆದು ಡಿಸ್ಕಿನ ಮೇಲಿನ ಚೀಟಿಯನ್ನು ಓದಿದಾಗ, ಕೆಟ್ಟ ಡಿಸ್ಕು ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿತ್ತು. ಮೂರನೆಯ ಖಾನೆಯಲ್ಲಿದ್ದುದು ಪೂರ್ಣ ಸ್ವಸ್ಥವಾದ ಡಿಸ್ಕು. ಯಂತ್ರವನ್ನು ಜೋಡಿಸಿದ ದಿನ ಯಾರೋ ತಂತಿಗಳನ್ನು ತಮಗೆ ಅನುಕೂಲವಾದಂತೆ ಸಿಕ್ಕಿಸಿದ್ದರು. ಖಾನೆಯ ಸಾಲಿಗೂ ತಂತಿಯ ಸಾಲಿಗೂ ಸಂಬಂಧವೇ ಇರಲಿಲ್ಲ.

ಹೆಸರಿಗೂ ಗುರುತಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ವಿವೇಚಿಸುವುದು ಅಗತ್ಯ. ಲಿನಕ್ಸ್ ವ್ಯವಸ್ಥೆಯು ಪ್ರಾರಂಭವಾದಾಗ ತನಗೆ ಯಾವ ಡಿಸ್ಕು ಮೊದಲು ಕಾಣುತ್ತದೆಯೋ ಅದನ್ನು 'ಎಸ್‌ಡಿಎ' ಎಂದೂ ಮುಂದಿನದನ್ನು 'ಎಸ್‌ಡಿಬಿ' ಎಂದೂ ಕರೆಯುತ್ತದೆ. ಇದು ಛತ್ರಕ್ಕೆ ಬಂದವರಿಗೆ ಬಂದ ಸರದಿಯಲ್ಲಿ ಕೊಡುವ ಚೀಟಿಯಂತೆ. ನಾಳೆ ಸರದಿ ಬದಲಾದರೆ ಚೀಟಿಯೂ ಬದಲಾಗುತ್ತದೆ. ಯಾರೋ ಒಂದು ಪೆನ್‌ಡ್ರೈವ್ ಸಿಕ್ಕಿಸಿಟ್ಟು ಯಂತ್ರವನ್ನು ಚಾಲೂ ಮಾಡಿದರೆ ಅದಕ್ಕೇ ಮೊದಲ ಹೆಸರು ಹೋಗಬಹುದು. ಅಸ್ವಸ್ಥವಾದ ಡಿಸ್ಕು ಕ್ಷಣಕಾಲ ಮರೆಯಾಗಿ ಮತ್ತೆ ಕಾಣಿಸಿಕೊಂಡರೆ ಐದನೆಯವನಂತೆ ಹೊಸ ಹೆಸರನ್ನು ಪಡೆದು ಕುಳಿತಿರಬಹುದು. ಪರದೆಯ ಮೇಲಿನ ಅಡಿಗೆರೆಯ ಸ್ಥಾನವೂ ಜೋಡಣೆಯೊಳಗೆ ಆ ಡಿಸ್ಕಿಗಿದ್ದ ಪಾತ್ರವನ್ನು ಹೇಳುತ್ತದೆಯೇ ಹೊರತು ಪೆಟ್ಟಿಗೆಯೊಳಗೆ ಅದು ಕುಳಿತ ಜಾಗವನ್ನು ಹೇಳುವುದಿಲ್ಲ. ಎಣಿಕೆಯಲ್ಲಿಯೂ ಮೋಸವುಂಟು. ಯಂತ್ರದ ಮುಖ್ಯ ಫಲಕದ ಮೇಲೆ ಸಂಪರ್ಕದ ಕಿಂಡಿಗಳಿಗೆ ಹಲವೊಮ್ಮೆ ಸೊನ್ನೆಯಿಂದ ಎಣಿಕೆ. ಲಿನಕ್ಸ್ ಬರೆಯುವ ದಿನಚರಿಯಲ್ಲಿ ಅದೇ ಕಿಂಡಿಗಳಿಗೆ ಒಂದರಿಂದ ಎಣಿಕೆ. ಒಬ್ಬರ ಮೂರು ಇನ್ನೊಬ್ಬರ ಎರಡಾಗುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದು ಕೇಳಿದವನು ಮಾತ್ರ ತಪ್ಪು ಬಾಗಿಲನ್ನು ತೆರೆಯುತ್ತಾನೆ.

ಇದಕ್ಕೆ ವ್ಯತಿರಿಕ್ತವಾಗಿ ಪ್ರತಿ ಡಿಸ್ಕಿಗೂ ಕಾರ್ಖಾನೆಯಲ್ಲಿಯೇ ಒಂದು ಕ್ರಮಸಂಖ್ಯೆಯನ್ನು ಕೊಟ್ಟಿರುತ್ತಾರೆ. ಅದು ಡಿಸ್ಕಿನ ಒಳಗಿನ ಸ್ಮೃತಿಯಲ್ಲಿಯೂ ಹೊರಗಿನ ಚೀಟಿಯಲ್ಲಿಯೂ ಒಂದೇ ಆಗಿರುತ್ತದೆ. ಖಾನೆ ಬದಲಾದರೂ, ಯಂತ್ರವೇ ಬದಲಾದರೂ ಬದಲಾಗುವುದಿಲ್ಲ. ಒಳಗಿನ ಸಾಕ್ಷಿಯೂ ಹೊರಗಿನ ಸಾಕ್ಷಿಯೂ ಕೂಡುವ ಸ್ಥಳ ಇದೊಂದೇ. ಆದ್ದರಿಂದ ತಿಳಿದವರು ಪರದೆಯ ಹೆಸರನ್ನು ಮೊದಲು ಕ್ರಮಸಂಖ್ಯೆಗೆ ಪರಿವರ್ತಿಸಿಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಕೂಡಿಸಿ ಬರೆದ ಸ್ಥಿರವಾದ ಹೆಸರುಗಳ ಪಟ್ಟಿಯೇ ಒಂದಿದೆ. ಡಿಸ್ಕಿನ ಆರೋಗ್ಯವನ್ನು ಕೇಳಿ ತಿಳಿಯುವುದಕ್ಕೆ 'ಸ್ಮಾರ್ಟ್‌ಮಾನ್‌ಟೂಲ್ಸ್' ಎಂಬ ಉಪಕರಣಗಳಿವೆ. 2002ರಲ್ಲಿ ಇವುಗಳನ್ನು ಆರಂಭಿಸಿದ ಬ್ರೂಸ್ ಆ್ಯಲನ್ ಅವರು ಗುರುತ್ವ ತರಂಗಗಳನ್ನು ಅಭ್ಯಾಸಮಾಡುವ ಭೌತವಿಜ್ಞಾನಿ ಎಂಬುದು ಸ್ವಾರಸ್ಯಕರ. ಬ್ರಹ್ಮಾಂಡದ ಅತಿ ಕ್ಷೀಣ ಕಂಪನವನ್ನು ಹುಡುಕುವವರೂ ಮೊದಲು ತಮ್ಮ ಪೆಟ್ಟಿಗೆಯಲ್ಲಿ ಕೆಡುತ್ತಿರುವ ಡಿಸ್ಕನ್ನು ತಿಳಿಯಬೇಕಷ್ಟೆ. ಓದಲಾಗದೆ ಬಾಕಿ ಉಳಿದ ತುಣುಕುಗಳೆಷ್ಟು, ಕೆಟ್ಟ ಜಾಗವನ್ನು ಬಿಟ್ಟು ಬೇರೆಡೆಗೆ ಸ್ಥಳಾಂತರಿಸಿದ ತುಣುಕುಗಳೆಷ್ಟು ಎಂಬ ಲೆಕ್ಕವನ್ನು ಡಿಸ್ಕು ತಾನೇ ಇಟ್ಟಿರುತ್ತದೆ; ಕೇಳಿದವರಿಗೆ ಹೇಳುತ್ತದೆ.

ಕೆಲವೊಮ್ಮೆ ಕೆಟ್ಟ ಡಿಸ್ಕು ಪೂರ್ಣ ಮೂಕವಾಗಿರುತ್ತದೆ. ತನ್ನ ಸಂಖ್ಯೆಯನ್ನು ಹೇಳುವಷ್ಟೂ ಶಕ್ತಿ ಅದಕ್ಕಿರುವುದಿಲ್ಲ. ಆಗ ಉಳಿದವರ ಸಾಕ್ಷಿಯನ್ನು ಪಡೆಯಬೇಕು. ಮಾತನಾಡುವ ಮೂರು ಡಿಸ್ಕುಗಳ ಸಂಖ್ಯೆಗಳನ್ನು ಬರೆದುಕೊಂಡರೆ, ಆ ಪಟ್ಟಿಯಲ್ಲಿಲ್ಲದ ಸಂಖ್ಯೆಯ ಡಿಸ್ಕೇ ಕೆಟ್ಟದ್ದು. ದೀಪಗಳಿಂದಲೂ ತಿಳಿಯಬಹುದು. ದೊಡ್ಡ ಸರ್ವರ್‌ಗಳಲ್ಲಿ ಪ್ರತಿ ಖಾನೆಗೂ ಒಂದು ಗುರುತಿನ ದೀಪವಿದ್ದು, ಇಂಥ ಡಿಸ್ಕಿನ ದೀಪವನ್ನು ಮಿನುಗಿಸು ಎಂದು ಆಜ್ಞೆ ಕೊಡಬಹುದು. ಯಾವ ಸ್ಥಿತಿಗೆ ದೀಪ ಯಾವ ರೀತಿ ಮಿನುಗಬೇಕೆಂಬುದಕ್ಕೂ ಉದ್ಯಮದಲ್ಲಿ ಒಂದು ಒಡಂಬಡಿಕೆಯಿದೆ. ಆ ಸೌಕರ್ಯವಿಲ್ಲದ ಕಡೆ ಸ್ವಸ್ಥವಾದ ಡಿಸ್ಕುಗಳನ್ನು ಒಂದೊಂದಾಗಿ ಓದಿಸಿ, ಆಯಾ ಖಾನೆಯ ಚಟುವಟಿಕೆಯ ದೀಪ ಬೆಳಗುವುದನ್ನು ನೋಡುತ್ತಾರೆ. ಕೊನೆಗೆ ಬೆಳಗದೆ ಉಳಿದ ಖಾನೆಯಲ್ಲಿರುವುದು ಕೆಟ್ಟದ್ದು. ಅಸ್ವಸ್ಥವಾದುದನ್ನೇ ದುಡಿಸಿ ಪರೀಕ್ಷಿಸಿದರೆ ಅದರ ಉಳಿದ ಉಸಿರೂ ಹೋಗಬಹುದಾದ್ದರಿಂದ ಸ್ವಸ್ಥವಾದವುಗಳನ್ನೇ ಕೇಳುವುದು ಮೇಲು. ಆದರೆ ಈ ಪರೀಕ್ಷೆಯಲ್ಲಿಯೂ ಎಚ್ಚರ ಬೇಕು. ಡಿಸ್ಕನ್ನು ಓದಲು ಬಳಸುವ ಸಾಮಾನ್ಯ ಆಜ್ಞೆಯಲ್ಲಿ 'ಎಲ್ಲಿಂದ' ಮತ್ತು 'ಎಲ್ಲಿಗೆ' ಎಂಬ ಎರಡು ಪದಗಳಿವೆ. ಅವು ಅದಲುಬದಲಾದರೆ ಓದುವ ಆಜ್ಞೆಯೇ ಅಳಿಸುವ ಆಜ್ಞೆಯಾಗುತ್ತದೆ. ಪರೀಕ್ಷಿಸುವ ಸಾಧನದಲ್ಲಿಯೇ ನಾಶಮಾಡುವ ಶಕ್ತಿಯೂ ಇರುವುದು ಈ ಯಂತ್ರಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ.

ಒಂದೇ ಸಾಕ್ಷಿಯನ್ನು ನಂಬುವುದು ಏಕೆ ಸಲ್ಲದೆಂಬುದಕ್ಕೆ ಬೇರೊಂದು ಕ್ಷೇತ್ರದ ದುರಂತವನ್ನು ನೋಡಬಹುದು. 1989ರ ಜನವರಿ 8ರಂದು ಲಂಡನ್ನಿನಿಂದ ಬೆಲ್‌ಫಾಸ್ಟ್‌ಗೆ 126 ಜನರೊಡನೆ ಹೊರಟ ಬ್ರಿಟಿಷ್ ಮಿಡ್‌ಲ್ಯಾಂಡ್ ಸಂಸ್ಥೆಯ ಬೋಯಿಂಗ್ ವಿಮಾನದ ಎಡ ಎಂಜಿನ್ನಿನ ಒಂದು ಅಲಗು ಮುರಿಯಿತು. ವಿಮಾನ ನಡುಗಿತು, ಹೊಗೆಯ ವಾಸನೆ ಬಂತು. ಎರಡು ಎಂಜಿನ್ನುಗಳಲ್ಲಿ ಯಾವುದು ಕೆಟ್ಟಿದೆ? ಚಾಲಕರು ಬಲದ್ದೆಂದು ನಿರ್ಣಯಿಸಿ ಅದರ ವೇಗವನ್ನು ಇಳಿಸಿದರು. ಅದೇ ಕ್ಷಣದಲ್ಲಿ, ಬೇರೆಯೇ ಕಾರಣದಿಂದ, ನಡುಕವೂ ಹೊಗೆಯೂ ಕಡಿಮೆಯಾದವು. ಕಾಕತಾಳೀಯವಾದ ಈ ಶಾಂತಿ ಅವರ ತಪ್ಪು ಊಹೆಗೆ ಸಾಕ್ಷಿಯಾಯಿತು. ಅವರು ಸ್ವಸ್ಥವಾದ ಎಂಜಿನ್ನನ್ನು ಪೂರ್ಣವಾಗಿ ನಿಲ್ಲಿಸಿದರು. ಇಳಿಯುವ ಹೊತ್ತಿಗೆ ಕೆಟ್ಟ ಎಂಜಿನ್ನು ಕೈಕೊಟ್ಟು ವಿಮಾನ ಕೆಗ್‌ವರ್ತ್ ಎಂಬ ಹಳ್ಳಿಯ ಬಳಿ ಹೆದ್ದಾರಿಯ ಏರಿಗೆ ಅಪ್ಪಳಿಸಿತು. 47 ಮಂದಿ ಪ್ರಾಣ ಕಳೆದುಕೊಂಡರು. ಇನ್ನೊಂದು ಸಂಗತಿ ಮನಸ್ಸನ್ನು ಹೆಚ್ಚು ಕಲಕುತ್ತದೆ. ಎಡಗಡೆಯಿಂದ ಕಿಡಿಗಳು ಹಾರುವುದನ್ನು ಹಿಂದಿದ್ದ ಕೆಲವು ಪ್ರಯಾಣಿಕರೂ ಸಿಬ್ಬಂದಿಯೂ ಕಣ್ಣಾರೆ ಕಂಡಿದ್ದರು. ಬಲ ಎಂಜಿನ್ನಿನಲ್ಲಿ ತೊಂದರೆಯಿದೆ ಎಂದು ಚಾಲಕರು ಧ್ವನಿವರ್ಧಕದಲ್ಲಿ ಹೇಳಿದಾಗಲೂ ಆ ಮಾತು ಚಾಲಕರಿದ್ದಲ್ಲಿಗೆ ತಲುಪಲಿಲ್ಲ. ತಿಳಿದವರು ಹೇಳುತ್ತಿದ್ದಾರಲ್ಲ, ಅವರಿಗೆ ಗೊತ್ತಿರಲೇಬೇಕು ಎಂಬ ಗೌರವ ಕಂಡವರ ಬಾಯಿ ಕಟ್ಟಿತು.

ಡಿಸ್ಕನ್ನು ಎಳೆಯುವ ಕೆಲಸ ಇಷ್ಟು ಘೋರವಾದುದಲ್ಲವೆಂಬುದು ನಿಜ. ಆದರೆ ದೋಷದ ಬಗೆ ಒಂದೇ. ಊಹೆಗೆ ಒಂದು ಸಣ್ಣ ಸಮರ್ಥನೆ ದೊರೆತೊಡನೆ ಮನಸ್ಸು ಹುಡುಕಾಟವನ್ನು ನಿಲ್ಲಿಸುತ್ತದೆ. ಮೂರನೆಯ ಹೆಸರು, ಮೂರನೆಯ ಅಡಿಗೆರೆ, ಮೂರನೆಯ ಖಾನೆ: ಮೂರೂ ಹೊಂದಿದಂತೆ ಕಂಡವು, ವಾಸ್ತವದಲ್ಲಿ ಹೊಂದಿದ್ದು ಎಣಿಕೆ ಮಾತ್ರ. ಅಲ್ಲಿ ಯಂತ್ರದ ವಿದ್ಯೆಯಿಲ್ಲದ ಹಿರಿಯರೊಬ್ಬರು ಸಂಕೋಚವಿಲ್ಲದೆ ಪ್ರಶ್ನಿಸಿದರು. ವಿದ್ಯೆಯುಳ್ಳ ಕಿರಿಯನು ಅಭಿಮಾನ ಪಡದೆ ಕೈ ಹಿಂದೆಗೆದನು. ಈ ಎರಡು ಗುಣಗಳಲ್ಲಿ ಯಾವುದೊಂದು ಇಲ್ಲದಿದ್ದರೂ ವರ್ಷದ ಲೆಕ್ಕ ಅಪಾಯಕ್ಕೆ ಸಿಲುಕುತ್ತಿತ್ತು.

ತಪ್ಪಾದ ಮೇಲೆ ನಡೆದುಕೊಳ್ಳಬೇಕಾದ ರೀತಿಗೂ ಇದೇ ಗಣಕ ಜಗತ್ತಿನಲ್ಲಿ ಒಂದು ಮಾದರಿಯಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ನೌಕರರೊಬ್ಬರು ಎರಡು ಸರ್ವರ್‌ಗಳ ನಡುವೆ ಎಡವಿದರು. ಒಂದರ ಹೆಸರಿನಲ್ಲಿ ಒಂದು, ಇನ್ನೊಂದರ ಹೆಸರಿನಲ್ಲಿ ಎರಡು ಎಂಬ ಅಂಕಿ, ಉಳಿದುದೆಲ್ಲ ಸಮಾನ. ಎರಡನೆಯದರಲ್ಲಿ ಅಳಿಸಬೇಕಾದುದನ್ನು ಅವರು ಮೊದಲನೆಯದರಲ್ಲಿ ಅಳಿಸಿದರು. ಒಂದೆರಡು ಕ್ಷಣಗಳಲ್ಲಿ ಎಚ್ಚೆತ್ತು ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ 4.5 ಗಿಗಾಬೈಟ್ ಮಾತ್ರ ಉಳಿದಿತ್ತು. ದಿನವೂ ತೆಗೆಯಲಾಗುತ್ತಿದೆಯೆಂದು ನಂಬಿದ್ದ ನಕಲು ವಾಸ್ತವವಾಗಿ ತೆಗೆಯಲ್ಪಡುತ್ತಲೇ ಇರಲಿಲ್ಲ. ಆರು ಗಂಟೆಗಳ ಹಿಂದೆ ಅದೇ ನೌಕರರು ಬೇರೊಂದು ಕೆಲಸಕ್ಕಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಸಂಸ್ಥೆ ಉಳಿಯಿತು. ಆದರೂ ಸುಮಾರು 5,000 ಯೋಜನೆಗಳೂ 700 ಬಳಕೆದಾರರ ಖಾತೆಗಳೂ ನಷ್ಟವಾದವು. ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನೇ ಸಾರ್ವಜನಿಕವಾಗಿ ತೋರಿಸಿತು. ಹತ್ತು ದಿನಗಳಲ್ಲಿ ಪೂರ್ಣ ವರದಿಯನ್ನು ಪ್ರಕಟಿಸಿ, ನೌಕರರ ಹೆಸರನ್ನು ಹೇಳದೆ, ಯಾವ ಸರ್ವರ್‌ನಲ್ಲಿ ಕೆಲಸ ಮಾಡುತ್ತಿದ್ದೇವೆಂಬುದು ನೋಡಿದೊಡನೆ ತಿಳಿಯುವಂತೆ ಗುರುತುಗಳನ್ನು ಬದಲಿಸುವುದಾಗಿ ತಿಳಿಸಿತು. ಒಬ್ಬ ವ್ಯಕ್ತಿಯನ್ನು ತೆಗೆದುಹಾಕಿ ಪ್ರಕರಣವನ್ನು ಮುಗಿಸುವುದು ಸುಲಭವಾಗಿತ್ತು. ಹಾಗೆ ಮಾಡಿದ್ದರೆ ದೋಷ ಇದ್ದಲ್ಲಿಯೇ ಉಳಿಯುತ್ತಿತ್ತು.

ಗುರುತಿಸುವ ಕೆಲಸವನ್ನು ಕೆಟ್ಟ ದಿನ ಆರಂಭಿಸಿದರೆ ತಡವಾಗುತ್ತದೆ ಎಂಬುದೇ ಇವೆಲ್ಲದರಿಂದ ಹೊರಡುವ ವ್ಯಾವಹಾರಿಕ ಪಾಠ. ನಾಲ್ಕೂ ಡಿಸ್ಕುಗಳು ಸ್ವಸ್ಥವಾಗಿರುವಾಗಲೇ ಪ್ರತಿ ಖಾನೆಯ ಮುಖದ ಮೇಲೆ ಅದರೊಳಗಿನ ಡಿಸ್ಕಿನ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಬರೆದು ಅಂಟಿಸಬೇಕು. ಒಂದು ಪುಸ್ತಕದಲ್ಲಿ ಖಾನೆ, ಸಂಖ್ಯೆ, ಕೊಂಡ ದಿನಾಂಕಗಳನ್ನು ದಾಖಲಿಸಬೇಕು. ಆ ಪುಸ್ತಕ ಅದೇ ಸರ್ವರ್‌ನೊಳಗಿರದೆ ಕಾಗದದಲ್ಲಿರಬೇಕು. ಗುರುತಿನ ದೀಪ ಸರಿಯಾದ ಖಾನೆಯಲ್ಲಿಯೇ ಬೆಳಗುತ್ತದೆಯೆ ಎಂಬುದನ್ನು ಆಗಲೇ ಪರೀಕ್ಷಿಸಬೇಕು. ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನೂ ಆದ್ಯಂತವಾಗಿ ಓದಿಸಿ ತಾಳೆ ನೋಡಬೇಕು. ಏಕೆಂದರೆ ಒಂದನ್ನು ಬದಲಿಸಿದಾಗ ಉಳಿದವುಗಳನ್ನೆಲ್ಲ ಗಂಟೆಗಟ್ಟಲೆ ಓದಿಯೇ ಹೊಸದನ್ನು ತುಂಬಬೇಕಾಗುತ್ತದೆ, ಅಡಗಿದ್ದ ಎರಡನೆಯ ದೋಷ ಆಗಲೇ ಹೊರಬೀಳುತ್ತದೆ. ಎಳೆಯುವ ಮುನ್ನ ಒಬ್ಬರು ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಚೀಟಿಯೊಡನೆ ಹೋಲಿಸಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿಯೂ ರೋಗಿ ಯಾರು, ಕೊಯ್ಯಬೇಕಾದ ಜಾಗ ಯಾವುದು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕೆಂದಿದೆ. ನುರಿತ ವೈದ್ಯರಿಗೆ ಬೇಕಾದ ಎಚ್ಚರ ಉಳಿದವರಿಗೆ ಬೇಡವೆನ್ನಲಾಗದು.

ಅಂಟಿಸಿದ ಚೀಟಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಡಿಸ್ಕನ್ನು ಬದಲಿಸಿದ ದಿನವೇ ಚೀಟಿಯನ್ನೂ ಬದಲಿಸಬೇಕು. ಚೀಟಿಯಿಲ್ಲದ ಖಾನೆಯ ಮುಂದೆ ನಿಂತವನು ಅನುಮಾನಿಸಿ ಪರೀಕ್ಷಿಸುತ್ತಾನೆ. ಹಳೆಯ ಚೀಟಿಯುಳ್ಳ ಖಾನೆಯ ಮುಂದೆ ನಿಂತವನು ನಂಬಿ ಎಳೆಯುತ್ತಾನೆ. ಗುರುತಿಲ್ಲದಿರುವುದಕ್ಕಿಂತ ಸುಳ್ಳು ಗುರುತು ಹೆಚ್ಚು ಹಾನಿಕರ. ಹಾಗೆಯೇ ಹೊರತೆಗೆದ ಕೆಟ್ಟ ಡಿಸ್ಕನ್ನು ಗುಜರಿಗೆ ಎಸೆಯುವಂತಿಲ್ಲ. ಅದು ಕೆಲಸಕ್ಕೆ ಬಾರದಿದ್ದರೂ ಅದರ ತಟ್ಟೆಗಳಲ್ಲಿ ಗಿರಾಕಿಗಳ ಸಾಲದ ವಿವರಗಳ ತುಣುಕುಗಳು ಇನ್ನೂ ಇರುತ್ತವೆ. ನಂಬಿ ಹೇಳಿದ ಗುಟ್ಟನ್ನು ಕಾಯುವ ಹೊಣೆ ಯಂತ್ರ ಕೆಟ್ಟಿತೆಂಬ ಕಾರಣಕ್ಕೆ ತೀರುವುದಿಲ್ಲ. ಸಂಖ್ಯೆಯನ್ನು ಮತ್ತೊಮ್ಮೆ ತಾಳೆ ನೋಡಿ, ಕೆಟ್ಟದ್ದೇ ಎಂದು ಖಚಿತಪಡಿಸಿಕೊಂಡು, ಓದಲಾಗದಂತೆ ನಾಶಮಾಡಬೇಕು. ರೇಡ್ ಜೋಡಣೆಯಿದೆಯೆಂದು ಪ್ರತ್ಯೇಕ ನಕಲನ್ನು ತೆಗೆದಿಡುವುದನ್ನು ಬಿಡುವುದೂ ತಪ್ಪು. ಜೋಡಣೆ ಡಿಸ್ಕಿನ ಸಾವಿನಿಂದ ಕಾಪಾಡೀತು, ಮನುಷ್ಯನ ಅವಸರದಿಂದ ಕಾಪಾಡಲಾರದು.

ಅಂಗಡಿಗಳಲ್ಲಿ, ಸಂಘಸಂಸ್ಥೆಗಳಲ್ಲಿ, ಕುಟುಂಬಗಳಲ್ಲಿಯೂ ಇಂಥ ಸಂದರ್ಭಗಳು ಬರುತ್ತವೆ. ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಬರುತ್ತದೆ. ಗೋದಾಮಿನಲ್ಲಿ ಚೀಲ ಕಾಣೆಯಾಗುತ್ತದೆ. ದೋಷವಿದೆಯೆಂಬುದು ಖಚಿತ, ಎಲ್ಲಿದೆಯೆಂಬುದು ಖಚಿತವಲ್ಲ. ಆಗ ಕೈ ಮೊದಲು ಹೋಗುವುದು ಹೊಸದಾಗಿ ಸೇರಿದ ಹುಡುಗನ ಕಡೆಗೆ, ಬಡವನ ಕಡೆಗೆ, ಹಿಂದೊಮ್ಮೆ ಹೆಸರು ಕೆಡಿಸಿಕೊಂಡವನ ಕಡೆಗೆ. ಅವನು ನಿಂತ ಸ್ಥಾನ, ಜನ ಅವನಿಗಿಟ್ಟ ಹೆಸರು ಇವೇ ಸಾಕ್ಷಿಯಾಗುತ್ತವೆ. ಅವನನ್ನು ತೆಗೆದ ಮರುವಾರ ಕಾಕತಾಳೀಯವಾಗಿ ಲೆಕ್ಕ ಸರಿಬಂದರೆ ಊಹೆ ಸತ್ಯವೆಂದೇ ಮುದ್ರೆ ಬೀಳುತ್ತದೆ. ನಿಜವಾದ ದೋಷ ಇದ್ದಲ್ಲಿಯೇ ಇದ್ದು ಬಲಿಯುತ್ತದೆ. ಅಷ್ಟರಲ್ಲಿ ಭಾರ ಹೊರುತ್ತಿದ್ದ ಒಬ್ಬ ಪ್ರಾಮಾಣಿಕನು ಮನೆ ಸೇರಿರುತ್ತಾನೆ, ಅವನ ಮಕ್ಕಳು ಆ ಮಾತನ್ನು ಕೇಳುತ್ತ ಬೆಳೆಯುತ್ತಿರುತ್ತಾರೆ. ತಪ್ಪಾಗಿ ಎಳೆದ ಡಿಸ್ಕನ್ನು ಮರಳಿ ಕೂರಿಸಿ ಪ್ರಯತ್ನಿಸಬಹುದು. ತಪ್ಪಾಗಿ ಹೊರಹಾಕಿದ ಮನುಷ್ಯನನ್ನು ಕರೆತಂದು ಮೊದಲಿನ ಜಾಗದಲ್ಲಿ ಕೂರಿಸಿದರೂ ಊರಿನ ಬಾಯಿಯಿಂದ ಆ ಮಾತನ್ನು ಹಿಂದೆ ಪಡೆಯಲಾಗುವುದಿಲ್ಲ.

ಆದುದರಿಂದ ಯಜಮಾನಿಕೆ ಮಾಡುವವರು, ಪಂಚಾಯತಿ ಹೇಳುವವರು, ಮನೆಯ ಹಿರಿಯರು ನಿರ್ಣಯಕ್ಕೆ ಮೊದಲು ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಕೈಯಲ್ಲಿರುವುದು ಹೆಸರೋ ಗುರುತೋ? ಆ ಗುರುತನ್ನು ಎರಡು ಕಡೆಯಿಂದ ನೋಡಿ ತಾಳೆ ಹಾಕಿದೆಯೋ? ಕಂಡವರಿಗೆ ಹೇಳುವ ಧೈರ್ಯ ಬರುವಂತೆ ನಡೆದುಕೊಂಡಿದೆಯೋ? ಇವುಗಳಿಗೆ ಉತ್ತರ ದೊರೆಯುವವರೆಗೆ ಒಂದು ಗಂಟೆಯ ವ್ಯಾಪಾರ ನಿಂತರೂ ಚಿಂತೆಯಿಲ್ಲ.